ನಷ್ಟದ ಭಯ ಮತ್ತು ನಿರ್ಣಯದ ವಿವೇಕ

ಮಳೆ ಬರುವುದೋ ಬಾರದೋ, ಬೆಳೆಗೆ ಬೆಲೆ ದೊರೆಯುವುದೋ ಇಲ್ಲವೋ ಎಂಬುದನ್ನು ಮೊದಲೇ ಬಲ್ಲವರಾರು? ಆದರೂ ಬಿತ್ತನೆಯನ್ನು ಮುಂದೂಡಲಾಗದು. ಫಲವನ್ನು ಅರಿಯದೆಯೇ ನಿರ್ಧರಿಸಬೇಕಾದ ಇಂತಹ ಸಂದರ್ಭಗಳಲ್ಲಿ ಮನಸ್ಸು ಹೇಗೆ ವರ್ತಿಸುತ್ತದೆ ಎಂಬುದನ್ನು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಆಳವಾಗಿ ಅಧ್ಯಯನ ಮಾಡಿದರು. 1979ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಒಂದು ಮುಖ್ಯ ಅಂಶವೆಂದರೆ, ಅಷ್ಟೇ ಮೊತ್ತದ ಗಳಿಕೆ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ಮನಸ್ಸಿಗೆ ಹೆಚ್ಚು ಭಾರವಾಗುತ್ತದೆ. ಈ ಬಗೆಯ ಸಂಶೋಧನೆಗಾಗಿ ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಟ್ವೆರ್‌ಸ್ಕಿ 1996ರಲ್ಲಿಯೇ ನಿಧನರಾಗಿದ್ದರು.

1981ರಲ್ಲಿ ಪ್ರಕಟವಾದ ಅವರ ಪ್ರಯೋಗವೊಂದು ಪ್ರಸಿದ್ಧವಾಗಿದೆ. ರೋಗವೊಂದರಿಂದ 600 ಜನರು ಸಾಯುವ ಸಂಭವವಿದೆ ಎಂದು ಭಾವಿಸಿರಿ. ಮೊದಲ ಕ್ರಮದಿಂದ 200 ಜನರು ಖಚಿತವಾಗಿ ಉಳಿಯುತ್ತಾರೆ. ಎರಡನೆಯದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು ಪಾಲು. ಯಾರೂ ಉಳಿಯದಿರುವ ಸಾಧ್ಯತೆ ಎರಡು ಪಾಲು. ಆಗ ಶೇ. 72ರಷ್ಟು ಮಂದಿ ಖಚಿತವಾದ ಮೊದಲ ಕ್ರಮವನ್ನೇ ಆರಿಸಿಕೊಂಡರು. ಅದೇ ಕ್ರಮವನ್ನು ‘400 ಜನರು ಸಾಯುತ್ತಾರೆ’ ಎಂದು ಇನ್ನೊಂದು ಗುಂಪಿಗೆ ಹೇಳಿದಾಗ ಅದನ್ನು ಆರಿಸಿದವರು ಶೇ. 22 ಮಾತ್ರ. ಲೆಕ್ಕ ಒಂದೇ, ಬದಲಾದದ್ದು ಮಾತು. ನಷ್ಟವೆಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅಪಾಯಕ್ಕೆ ಕೈಚಾಚುತ್ತದೆ.

ನಮ್ಮ ಬಯಲುಸೀಮೆಯ ರೈತನ ಸಂಕಟವೂ ಇದೇ. ಎರಡು ಕೊಳವೆಬಾವಿಗಳಲ್ಲಿ ನೀರು ಬೀಳದಿದ್ದಾಗ ಸಾಲ ಮಾಡಿ ಮೂರನೆಯದನ್ನು ಕೊರೆಸಲು ಮನಸ್ಸು ಒತ್ತಾಯಿಸುತ್ತದೆ. ನಿಲ್ಲಿಸಿದರೆ ನಷ್ಟವನ್ನು ಒಪ್ಪಿಕೊಂಡಂತಾಗುತ್ತದೆ, ಕೊರೆಸಿದರೆ ಆಸೆಯಾದರೂ ಉಳಿಯುತ್ತದೆ. ಆದರೆ ಹೋದ ಹಣ ಮೂರನೆಯ ಬಾವಿಯ ನೀರನ್ನು ಹೆಚ್ಚಿಸದು.

ಆದ್ದರಿಂದ ಹೆಜ್ಜೆ ಇಡುವ ಮುನ್ನ ಮೂರು ಸಂಗತಿಗಳನ್ನು ನೆನೆಯುವುದು ಒಳಿತು. ಮೊದಲನೆಯದಾಗಿ, ‘ಇದುವರೆಗೆ ಏನೂ ಖರ್ಚಾಗಿರದಿದ್ದರೆ, ಈಗ ತಿಳಿದಿರುವುದರ ಮೇಲೆ ಈ ಹಣವನ್ನು ಇಲ್ಲಿ ತೊಡಗಿಸುತ್ತಿದ್ದೆನೇ?’ ಎಂದು ತನ್ನನ್ನು ಕೇಳಿಕೊಳ್ಳಬೇಕು. ಎರಡನೆಯದಾಗಿ, ಲಾಭ ನಷ್ಟಗಳನ್ನು ಎರಡೂ ಬಗೆಯಲ್ಲಿ ಹೇಳಿ ನೋಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಬದುಕುತ್ತಾರೆ ಎಂದರೂ ಹತ್ತು ಮಂದಿ ಉಳಿಯುವುದಿಲ್ಲ ಎಂದರೂ ಅರ್ಥ ಒಂದೇ. ಮೂರನೆಯದಾಗಿ, ಎಷ್ಟು ನಷ್ಟವಾದರೆ ನಿಲ್ಲಿಸಬೇಕೆಂಬ ಮಿತಿಯನ್ನು ಆರಂಭದಲ್ಲಿಯೇ ಮನೆಯವರೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು.

ಇಷ್ಟಾದರೂ ಫಲ ಕೈಕೊಡಬಹುದು. ವಿವೇಕದಿಂದ ಕೈಗೊಂಡ ನಿರ್ಣಯವೂ ಕೆಲವೊಮ್ಮೆ ಸೋಲುತ್ತದೆ; ಅಷ್ಟರಿಂದಲೇ ಅದು ತಪ್ಪು ನಿರ್ಣಯವಾಗದು. ಸೋತವರನ್ನು ಹಳಿಯದೆ, ಅವರು ಮತ್ತೊಂದು ಸಾಲಕ್ಕೆ ಇಳಿಯುವ ಮುನ್ನ ಜೊತೆಗೆ ಕುಳಿತು ಆಲೋಚಿಸುವುದು ನಮ್ಮೆಲ್ಲರ ಕರ್ತವ್ಯ.