ಒಂದೇ ವೈ-ಫೈ, ಮೂರು ದಾರಿ

ಹೊಸ ಸ್ಮಾರ್ಟ್ ಸ್ಪೀಕರ್ ಮನೆಗೆ ಬಂದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು: ಪ್ಲಗ್ ಹಾಕಿ, ಫೋನಿನ ಆ್ಯಪ್‌ನಲ್ಲಿ ವೈ-ಫೈ ಪಾಸ್‌ವರ್ಡ್ ಕೊಟ್ಟು, ಟಿವಿಯನ್ನೂ ಅದೇ ವೈ-ಫೈಗೆ ಸೇರಿಸಿ, ‘ಇನ್ನು ಟಿವಿ ಸೌಂಡ್ ಇದರಲ್ಲೇ ಬರುತ್ತೆ’ ಎಂದು ಎಲ್ಲರೂ ಕಾಯುತ್ತಾರೆ. ಸೌಂಡ್ ಬರುವುದಿಲ್ಲ. ಸ್ಪೀಕರ್ ಡಬ್ಬಾ, ಟಿವಿ ಹಳೇದು, ನೆಟ್ ಸರಿಯಿಲ್ಲ ಎಂದು ಸರದಿಯ ಮೇಲೆ ಬೈಗುಳ ಶುರುವಾಗುತ್ತದೆ. ಬಹುಪಾಲು ಮನೆಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ನಮ್ಮ ಮಾತು ಟಿವಿಗೆ ತಲುಪುವ ದಾರಿ ಒಂದು, ಸಿನಿಮಾ ಟಿವಿಗೆ ಬಂದು ಸೇರುವ ದಾರಿ ಇನ್ನೊಂದು, ಟಿವಿಯ ಸದ್ದು ಸ್ಪೀಕರಿಗೆ ಹೋಗುವ ದಾರಿ ಮತ್ತೊಂದು. ಒಂದು ತೆರೆದ ಮಾತ್ರಕ್ಕೆ ಉಳಿದೆರಡು ತಾವಾಗಿ ತೆರೆಯುವುದಿಲ್ಲ. ಈ ಮೂರನ್ನೂ ಕಲಸಿಕೊಂಡದ್ದರಿಂದಲೇ ಇಲ್ಲಿನ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟಿವೆ.

‘ಎರಡೂ ಒಂದೇ ವೈ-ಫೈನಲ್ಲಿವೆ, ಇನ್ನೇನು ಬೇಕು?’

ಸೋಫಾದಲ್ಲಿ ಕೂತು ‘ಅಲೆಕ್ಸಾ, ಟರ್ನ್ ಆಫ್ ದ ಟಿವಿ’ ಅಂದರೆ ಆ ಮಾತು ಸ್ಪೀಕರಿನಿಂದ ಎದುರಿನ ಟಿವಿಗೆ ನೇರವಾಗಿ ಹೋಗುತ್ತದೆ ಎಂದೇ ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ಮೊದಲು ಇಂಟರ್ನೆಟ್ ಹತ್ತಿ ಅಮೆಜಾನ್‌ನ ಸರ್ವರಿಗೆ ಹೋಗುತ್ತದೆ. ಅಲ್ಲಿ ಮಾತು ಆಜ್ಞೆಯಾಗಿ ಬದಲಾಗಿ ಟಿವಿ ಕಂಪನಿಯ ಸರ್ವರಿಗೆ ದಾಟುತ್ತದೆ. ಅಲ್ಲಿಂದ ಮತ್ತೆ ನಮ್ಮ ರೂಟರಿಗೆ ಇಳಿದು ಟಿವಿಯನ್ನು ಸೇರುತ್ತದೆ. ಆರು ಅಡಿ ದೂರಕ್ಕೆ ಇಷ್ಟು ದೊಡ್ಡ ಸುತ್ತು! ಆ್ಯಪ್‌ನಲ್ಲಿ ಟಿವಿ ಕಂಪನಿಯ ‘ಸ್ಕಿಲ್’ ಸೇರಿಸಿ, ಸ್ಯಾಮ್‌ಸಂಗ್ ಆದರೆ ಸ್ಮಾರ್ಟ್‌ಥಿಂಗ್ಸ್ ಖಾತೆಗೆ, ಎಲ್‌ಜಿ ಆದರೆ ಥಿಂಕ್ಯೂ ಖಾತೆಗೆ ಲಾಗಿನ್ ಆಗಬೇಕಾದದ್ದು ಇದಕ್ಕೇ. ಈ ಖಾತೆಗಳ ನಂಟು ಬೆಸೆಯದಿದ್ದರೆ ಎರಡೂ ಒಂದೇ ವೈ-ಫೈನಲ್ಲಿದ್ದೂ ಒಂದಕ್ಕೊಂದು ಪರಿಚಯವೇ ಇರುವುದಿಲ್ಲ. ಬೆಸೆದಿದ್ದರೆ, ಟಿವಿ ಲ್ಯಾನ್ ಕೇಬಲ್‌ನಲ್ಲಿದ್ದರೂ ಸ್ಪೀಕರ್ ವೈ-ಫೈನಲ್ಲಿದ್ದರೂ ಕೆಲಸ ನಡೆಯುತ್ತದೆ. ರೂಟರಿನ ವೈ-ಫೈ ದೀಪ ಉರಿಯುತ್ತಲೇ ಇದ್ದು ಹೊರಗಿನ ಇಂಟರ್ನೆಟ್ ಮಾತ್ರ ಕಡಿದಾಗ ಸ್ಪೀಕರ್ ತಬ್ಬಿಬ್ಬಾಗುವುದಕ್ಕೂ ಕಾರಣ ಈ ಸುತ್ತುದಾರಿಯೇ.

ಹಾಗಾದರೆ ‘ಒಂದೇ ನೆಟ್‌ವರ್ಕ್ ಇರಬೇಕು’ ಎಂಬ ಮಾತು ಸುಳ್ಳೇ? ಫೋನಿನಿಂದ ಟಿವಿಗೆ ಕಾಸ್ಟ್ ಮಾಡುವಾಗ ಅದು ನಿಜ. ಫೋನು ಮನೆಯ ನೆಟ್‌ವರ್ಕಿನೊಳಗೆ ‘ಇಲ್ಲಿ ಯಾರಾದರೂ ಟಿವಿ ಇದ್ದೀರಾ?’ ಎಂದು ಒಂದು ಕೂಗು ಹಾಕುತ್ತದೆ, ಟಿವಿ ಓಗೊಡುತ್ತದೆ. ಆ ಕೂಗು ರೂಟರನ್ನು ದಾಟಿ ಆಚೆ ಹೋಗುವುದಿಲ್ಲ. ಗೆಸ್ಟ್ ವೈ-ಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಬೇಕೆಂದೇ ಗೋಡೆ ಕಟ್ಟಿರುತ್ತಾರೆ. ಬೆಂಗಳೂರಿನ ಎಷ್ಟೋ ಪಿಜಿಗಳ ವೈ-ಫೈ ಇದೇ ಜಾತಿಯದು. ಅದರ ಮೇಲೆ ಬ್ರೌಸರಿನಲ್ಲಿ ಫೋನ್ ನಂಬರ್, ಓಟಿಪಿ ಕೇಳುವ ಪುಟವೊಂದು ತೆರೆದುಕೊಳ್ಳುವ ಕಡೆಯಂತೂ ಪರದೆಯೇ ಇಲ್ಲದ ಸ್ಪೀಕರ್ ಹಲವು ಬಾರಿ ಬಾಗಿಲಲ್ಲೇ ನಿಲ್ಲುತ್ತದೆ. ಪಿಜಿಗೆಂದು ಸ್ಪೀಕರ್ ಕೊಳ್ಳುವವರು ಮೊದಲು ಓನರ್ ಹತ್ತಿರ ಅಲ್ಲಿನ ವೈ-ಫೈ ಎಂಥದ್ದೆಂದು ಕೇಳುವುದು ಒಳ್ಳೆಯದು.

ಸ್ವಂತ ಮನೆಗಳಲ್ಲಿ ಎಡವಟ್ಟಾಗುವುದು ಬೇರೆ ಕಡೆ. ಫೈಬರ್ ಕಂಪನಿಯವರು ಕೊಟ್ಟ ಡಬ್ಬಿಯೂ ವೈ-ಫೈ ಬಿಡುತ್ತಿರುತ್ತದೆ. ರೂಮಿಗೆ ಸಿಗ್ನಲ್ ಸಾಲದೆಂದು ನಾವು ತಂದ ರೂಟರೂ ಬಿಡುತ್ತಿರುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೂ ಅವು ಎರಡು ಬೇರೆ ಬೇರೆ ನೆಟ್‌ವರ್ಕುಗಳಾಗಿರಬಹುದು. ಪರೀಕ್ಷೆ ಸುಲಭ: ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿ ಅಡ್ರೆಸ್ ನೋಡಿ, ಸ್ಪೀಕರಿನದ್ದೂ ನೋಡಿ. ಒಂದು 192.168.1.12, ಇನ್ನೊಂದು 192.168.0.7 ಎಂದಿದ್ದರೆ, ಅಂದರೆ ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆ ಹೊಂದದಿದ್ದರೆ, ಮನೆ ಎರಡು ಪಾಲಾಗಿದೆ ಎಂದೇ ಲೆಕ್ಕ. ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಪಾಲು ಮತ್ತೆ ಒಂದಾಗುತ್ತದೆ. ಇನ್ನು ಟಿವಿ 5 ಗಿಗಾಹರ್ಟ್ಸ್‌ನಲ್ಲಿದೆ, ಸ್ಪೀಕರ್ 2.4ರಲ್ಲಿದೆ ಎಂದು ಕಂಗಾಲಾಗಬೇಕಿಲ್ಲ. ಒಂದೇ ರೂಟರಿನ ಎರಡು ಬ್ಯಾಂಡುಗಳು ಸಾಮಾನ್ಯವಾಗಿ ಒಂದೇ ನೆಟ್‌ವರ್ಕು.

‘ಇನ್ನೂ ದೊಡ್ಡ ಪ್ಲಾನ್ ಹಾಕಿಸಬೇಕು’

ಬೇಕಿಲ್ಲ. ಸ್ಪೀಕರಿಗೆ ನಾವು ಕೊಡುವ ಆಜ್ಞೆ ಕೆಲವೇ ಸೆಕೆಂಡಿನ ಧ್ವನಿ. ಒಳ್ಳೆಯ ಗುಣಮಟ್ಟದ ಹಾಡಿಗೂ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಕೇಳುವುದೇ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಕಾಸ್ಟ್ ಮಾಡಿದ ವಿಡಿಯೊ ಫೋನಿನ ಮೂಲಕ ಹಾದು ಬರುತ್ತದೆ, ಫೋನಿನ ಬ್ಯಾಟರಿ ಮುಗಿಸುತ್ತದೆ ಎಂಬ ನಂಬಿಕೆಯೂ ಇದರ ಜೊತೆಗಿದೆ. ಯೂಟ್ಯೂಬ್ ಕಾಸ್ಟ್ ಮಾಡಿದಾಗ ಫೋನು ಟಿವಿಗೆ ವಿಡಿಯೊದ ವಿಳಾಸವನ್ನಷ್ಟೇ ಹೇಳುತ್ತದೆ, ಟಿವಿ ತಾನೇ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಫೋನನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ಮಾಡಬಹುದು. ಪರದೆಯನ್ನೇ ಪ್ರತಿಬಿಂಬಿಸುವ ಸ್ಕ್ರೀನ್ ಮಿರರಿಂಗ್ ಮಾತ್ರ ಫೋನಿಗೆ ನಿಜವಾದ ಹೊರೆ.

‘ಸ್ಪೀಕರ್ ಅಂದಮೇಲೆ ಟಿವಿ ಸೌಂಡ್ ಬರಲೇಬೇಕು’

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಈ ನಂಬಿಕೆಯಿಂದ. ವೈ-ಫೈ ಮೂಲಕ ಟಿವಿಯ ಸದ್ದು ಸ್ಪೀಕರಿಗೆ ಹೋಗಬೇಕಾದರೆ ಎರಡೂ ಕಡೆಯವರು ಅದಕ್ಕೆಂದೇ ಒಪ್ಪಂದ ಮಾಡಿಕೊಂಡಿರಬೇಕು. ಅಂಥ ಒಪ್ಪಂದ ಹೆಚ್ಚಾಗಿ ಒಂದೇ ಕಂಪನಿಯ ಮನೆಮಂದಿಯ ನಡುವೆ ಇರುತ್ತದೆ: ಅಮೆಜಾನ್‌ನ ಫೈರ್ ಟಿವಿ ಮತ್ತು ಕೆಲವು ಎಕೋ ಸ್ಪೀಕರುಗಳು, ಆಪಲ್ ಟಿವಿ 4ಕೆ ಮತ್ತು ಹೋಮ್‌ಪಾಡ್. ಒಂದು ಕಂಪನಿಯ ಟಿವಿ, ಇನ್ನೊಂದರ ಸ್ಪೀಕರ್ ಆದರೆ ಈ ದಾರಿ ಬಹುತೇಕ ಮುಚ್ಚಿದ್ದೇ. ಇನ್ನೊಂದು ಕೊಕ್ಕೆಯೂ ಇದೆ. ಫೈರ್ ಟಿವಿ ಸ್ಟಿಕ್‌ಗೆ ಎಕೋ ಜೋಡಿಸಿದರೆ ಸ್ಟಿಕ್‌ನಲ್ಲಿ ಓಡುವುದರ ಸದ್ದು ಮಾತ್ರ ಸ್ಪೀಕರಿಗೆ ಬರುತ್ತದೆ. ಪಕ್ಕದ ಎಚ್‌ಡಿಎಂಐಗೆ ಸಿಕ್ಕಿಸಿದ ಸೆಟ್-ಟಾಪ್ ಬಾಕ್ಸ್‌ನ ಸದ್ದು ಟಿವಿಯಲ್ಲೇ ಉಳಿಯುತ್ತದೆ. ಸಿನಿಮಾ ಸ್ಪೀಕರಿನಲ್ಲಿ, ವಾರ್ತೆ ಟಿವಿಯಲ್ಲಿ ಕೇಳುವ ಯೋಗ!

ಉಳಿದದ್ದು ಬ್ಲೂಟೂತ್. ಇದಕ್ಕೂ ವೈ-ಫೈಗೂ ಸಂಬಂಧವಿಲ್ಲ, ರೂಟರ್ ಆಫ್ ಆಗಿದ್ದರೂ ನಡೆಯುತ್ತದೆ. ಆದರೆ ಟಿವಿಯ ಬಾಕ್ಸ್ ಮೇಲೆ ‘ಬ್ಲೂಟೂತ್’ ಎಂದು ಬರೆದಿದ್ದರೆ ಸಾಲದು. ಕೆಲವು ಟಿವಿಗಳಲ್ಲಿ ಅದು ರಿಮೋಟಿಗಷ್ಟೇ ಮೀಸಲು, ಸದ್ದು ಕಳಿಸುವ ಶಕ್ತಿ ಇರುವುದಿಲ್ಲ. ಸದ್ದು ಕಳಿಸುವಂಥದ್ದಾದರೂ ಅದು ತಡವಾಗಿ ತಲುಪುತ್ತದೆ. ಸದ್ದನ್ನು ಕುಗ್ಗಿಸಿ, ಪ್ಯಾಕೆಟ್ ಮಾಡಿ, ಆಚೆ ಬಿಚ್ಚಿ, ತಡೆಯಿಲ್ಲದೆ ನುಡಿಸಲು ಸ್ವಲ್ಪ ಕೂಡಿಟ್ಟುಕೊಂಡು ನುಡಿಸುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದಿರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗೆ ಕೊಟ್ಟ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡು ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ. ಮುಂದೆ ಬಂದರೆ 45ಕ್ಕೇ ಗೊತ್ತಾಗುತ್ತದೆ. ಹಿಂದೆ ಬಿದ್ದ ಸದ್ದನ್ನು ನಾವು ಹೆಚ್ಚು ಸಹಿಸುತ್ತೇವೆ, ಏಕೆಂದರೆ ನಿಜಜೀವನದಲ್ಲೂ ಸದ್ದು ಬೆಳಕಿನ ಹಿಂದೆಯೇ ಬರುವುದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಿಚ್ಚಿನಿಂದ 70 ಮೀಟರ್ ದೂರ ಕೂತವರಿಗೆ ಚೆಂಡು ಬ್ಯಾಟಿಗೆ ತಾಗಿದ್ದು ಕಂಡ ಮೇಲೆ ಸೆಕೆಂಡಿನ ಐದನೇ ಒಂದು ಭಾಗ ಕಳೆದು ‘ಟಕ್’ ಕೇಳಿಸುತ್ತದೆ, ಯಾರೂ ದೂರುವುದಿಲ್ಲ. ಟಿವಿಯಲ್ಲಿ ಮಾತ್ರ ಸ್ಟಂಪ್ ಮೈಕಿನ ಸದ್ದು ಚೆಂಡಿನ ಜೊತೆಗೇ ಬಂದು ನಮ್ಮ ಕಿವಿ ಕೆಟ್ಟಿದೆ. ಹಾಗಾಗಿ ಬ್ಲೂಟೂತ್ ಸ್ಪೀಕರಿನಲ್ಲಿ ಕ್ರಿಕೆಟ್ ನೋಡಿದರೆ ಕಿರಿಕಿರಿ, ಹಾಡು ಕೇಳಿದರೆ ಏನೂ ಇಲ್ಲ.

ಕೆಲವು ಆ್ಯಪ್‌ಗಳು ಸದ್ದು ತಡವಾಗುವಷ್ಟೇ ಹೊತ್ತು ಚಿತ್ರವನ್ನೂ ಹಿಡಿದಿಟ್ಟು ಸರಿದೂಗಿಸುತ್ತವೆ. ಲೈವ್ ಚಾನಲ್ಲಿನಲ್ಲಿ ಆ ಉಪಕಾರ ಸಿಗುವುದು ಕಷ್ಟ. ಟಿವಿಯ ‘ಎವಿ ಸಿಂಕ್’ ಸೆಟ್ಟಿಂಗ್ ಒತ್ತಿ ನೋಡುವವರಿದ್ದಾರೆ. ಹಲವು ಟಿವಿಗಳಲ್ಲಿ ಅದು ಸದ್ದನ್ನು ಇನ್ನಷ್ಟು ತಡಮಾಡಬಲ್ಲುದೇ ಹೊರತು ಮುಂದೆ ತರಲಾರದು. ಸದ್ದು ಕಡಿದು ಕಡಿದು ಬರುತ್ತಿದ್ದರೆ ಮಾತ್ರ ಟಿವಿಯನ್ನು 5 ಗಿಗಾಹರ್ಟ್ಸ್ ವೈ-ಫೈಗೆ ಬದಲಿಸಿ ನೋಡಿ. ಬ್ಲೂಟೂತು, ಹಳೆಯ ವೈ-ಫೈ ಬ್ಯಾಂಡು, ಅಡುಗೆಮನೆಯ ಮೈಕ್ರೋವೇವು ಮೂರೂ 2.4ರ ಸುತ್ತಲೇ ನೂಕಾಡುತ್ತಿರುತ್ತವೆ.

ವೈರ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ಮಾತು: ಎಕೋ ಡಾಟ್‌ನ ಮೂರನೇ, ನಾಲ್ಕನೇ ತಲೆಮಾರಿನ ಹಿಂಬದಿಯಲ್ಲಿರುವ 3.5 ಮಿಲಿಮೀಟರ್ ತೂತು ಸದ್ದನ್ನು ಹೊರಗೆ ಕಳಿಸುವುದಕ್ಕೆ, ಒಳಗೆ ತೆಗೆದುಕೊಳ್ಳುವುದಕ್ಕಲ್ಲ. ಟಿವಿಯ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಅದಕ್ಕೆ ಸಿಕ್ಕಿಸಿದರೆ ಮೌನವೇ ಉತ್ತರ. ಐದನೇ ತಲೆಮಾರಿನ ಡಾಟ್‌ಗೂ ಗೂಗಲ್‌ನ ನೆಸ್ಟ್ ಮಿನಿಗೂ ಆ ತೂತೇ ಇಲ್ಲ. ನನ್ನನ್ನು ಕೇಳಿದರೆ, ಟಿವಿಯ ಸದ್ದು ಚೆನ್ನಾಗಿರಬೇಕು ಎಂಬುದೇ ಆಸೆಯಾದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ಪಡೆಯುವ ‘ಎಆರ್‌ಸಿ’ ಇರುವ ಸಾಧಾರಣ ಸೌಂಡ್‌ಬಾರ್ ತನ್ನಿ. ಸ್ಮಾರ್ಟ್ ಸ್ಪೀಕರನ್ನು ಮಾತು ಕೇಳುವ ಕೆಲಸಕ್ಕೆ ಬಿಡಿ.

‘ಆಫ್ ಮಾಡುತ್ತೆ, ಆನ್ ಮಾಡಲ್ಲ, ಸ್ಪೀಕರೇ ಸರಿಯಿಲ್ಲ’

ಆಫ್ ಆದ ಕೂಡಲೇ ಹಲವು ಟಿವಿಗಳು ತಮ್ಮ ವೈ-ಫೈಯನ್ನೂ ಮಲಗಿಸಿಬಿಡುತ್ತವೆ. ಮಲಗಿದವರನ್ನು ಎಬ್ಬಿಸಬೇಕಾದರೆ ಟಿವಿಯೊಳಗೆ ‘ಕ್ವಿಕ್ ಸ್ಟಾರ್ಟ್’ ಅಥವಾ ‘ಮೊಬೈಲ್‌ನಿಂದ ಪವರ್ ಆನ್’ ಎಂಬಂಥ ಹೆಸರಿನ ಸೆಟ್ಟಿಂಗ್ ಆನ್ ಆಗಿರಬೇಕು. ಆಗ ನೆಟ್‌ವರ್ಕ್ ಚಿಪ್ ಒಂದು ಕಣ್ಣು ತೆರೆದೇ ಇರುತ್ತದೆ. ಹಳೆಯ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ದರೆ ಸ್ಟಿಕ್ ಆಜ್ಞೆ ಪಡೆದು ಎಚ್‌ಡಿಎಂಐ ವೈರಿನ ಮೂಲಕವೇ ಟಿವಿಯನ್ನು ಎಬ್ಬಿಸುತ್ತದೆ. ಎಚ್‌ಡಿಎಂಐ-ಸಿಇಸಿ ಎಂಬ ಈ ಸೌಲಭ್ಯವನ್ನು ಸ್ಯಾಮ್‌ಸಂಗ್ ‘ಎನಿನೆಟ್ ಪ್ಲಸ್’ ಎನ್ನುತ್ತದೆ, ಎಲ್‌ಜಿ ‘ಸಿಂಪ್‌ಲಿಂಕ್’, ಸೋನಿ ‘ಬ್ರಾವಿಯಾ ಸಿಂಕ್’. ಸ್ಟಿಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದಲೇ ಕೊಟ್ಟಿದ್ದರೆ, ಟಿವಿ ಆಫ್ ಆದಾಗ ಸ್ಟಿಕ್ಕೂ ಸತ್ತಿರುವ ಸಾಧ್ಯತೆ ಹೆಚ್ಚು. ಅದರ ಜೊತೆ ಬಂದ ಅಡಾಪ್ಟರನ್ನು ಗೋಡೆಗೆ ಹಾಕಿ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗೋಡೆಯ ಸ್ವಿಚ್ಚು. ರಾತ್ರಿ ಮಲಗುವ ಮುಂಚೆ ಟಿವಿಯ ಮೇನ್ ಸ್ವಿಚ್ ಆರಿಸುವುದು ನಮ್ಮ ಹಿರಿಯರ ಪದ್ಧತಿ, ಸಿಡಿಲಿನ ಊರುಗಳಲ್ಲಿ ಬುದ್ಧಿವಂತಿಕೆಯೂ ಹೌದು. ಸ್ವಿಚ್ ಆರಿಸಿದ ಟಿವಿಯನ್ನು ಯಾವ ಅಲೆಕ್ಸಾ ಕೂಗಿದರೂ ಅದು ಏಳುವುದಿಲ್ಲ. ಹಿರಿಯರದು ತಪ್ಪೇನಿಲ್ಲ, ಮುಂಜಾನೆ ಒಮ್ಮೆ ಸ್ವಿಚ್ ಹಾಕಿದರಾಯಿತು.

‘ಹೇಳಿದರೆ ಚಾನಲ್ಲೂ ಬದಲಾಗುತ್ತದೆ’

ಉದಯ ಟಿವಿಯನ್ನೋ ಜೀ ಕನ್ನಡವನ್ನೋ ಡಿಟಿಎಚ್ ಅಥವಾ ಕೇಬಲ್ ಬಾಕ್ಸಿನಲ್ಲಿ ನೋಡುವ ಮನೆಗಳಿಗೆ ಇದು ಮುಖ್ಯ. ಟಿವಿಯ ಮಟ್ಟಿಗೆ ಸೆಟ್-ಟಾಪ್ ಬಾಕ್ಸ್ ಎಂದರೆ ‘ಎಚ್‌ಡಿಎಂಐ 1’ ಅಷ್ಟೇ. ಸ್ಪೀಕರ್ ಟಿವಿಯ ವಾಲ್ಯೂಮ್ ಏರಿಸಬಲ್ಲದು, ಇನ್‌ಪುಟ್ ಬದಲಿಸಬಲ್ಲದು. ಸಾಮಾನ್ಯ ಬಾಕ್ಸಿನೊಳಗಿನ ಚಾನಲ್ ನಂಬರ್ ಅದರ ಕೈಗೆ ಎಟುಕುವುದಿಲ್ಲ. ಬಾಕ್ಸಿಗೆ ಗೊತ್ತಿರುವುದು ತನ್ನ ರಿಮೋಟಿನ ಇನ್‌ಫ್ರಾರೆಡ್ ಮಿನುಗು ಮಾತ್ರ. ವೈ-ಫೈನಿಂದ ಆಜ್ಞೆ ಪಡೆದು ಅದೇ ಮಿನುಗನ್ನು ಹೊಡೆಯುವ ‘ಐಆರ್ ಬ್ಲಾಸ್ಟರ್’ ಎಂಬ ಪುಟ್ಟ ಡಬ್ಬಿ ಬಾಕ್ಸಿನ ಎದುರಿಗೆ ಕಾಣುವಂತೆ ಇಟ್ಟರೆ ಚಾನಲ್ಲೂ ಬದಲಾಗುತ್ತದೆ. ಕಪಾಟಿನ ಒಳಗೆ ಅವಿತಿಟ್ಟರೆ ಇಲ್ಲ.

ಆಜ್ಞೆಯ ಭಾಷೆಯ ಬಗ್ಗೆಯೂ ಭ್ರಮೆ ಬೇಡ. ಅಲೆಕ್ಸಾ ಭಾರತಕ್ಕೆ 2017ರಲ್ಲಿ ಇಂಗ್ಲಿಷ್‌ನೊಂದಿಗೆ ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡದ ಹಾಡು ಹಾಕುತ್ತದೆ, ಕನ್ನಡದ ಆಜ್ಞೆಗೆ ಸೆಟ್ಟಿಂಗ್‌ನಲ್ಲಿ ಜಾಗವಿಲ್ಲ. ಹಾಗಾಗಿ ಟಿವಿಗೆ ‘ಪಡಸಾಲೆ’ ಎಂದು ಚಂದದ ಹೆಸರಿಟ್ಟು ಪೇಚಾಡುವುದಕ್ಕಿಂತ ‘ಹಾಲ್ ಟಿವಿ’ ಎಂದಿಡುವುದು ವಾಸಿ.

‘ಸ್ಪೀಕರ್ ಕದ್ದು ಕೇಳುತ್ತದೆ, ಟಿವಿ ಪಾಪ, ಬರೀ ತೋರಿಸುತ್ತದೆ’

ಅರ್ಧ ನಿಜ. ಸ್ಪೀಕರಿನ ಮೈಕ್ ಸದಾ ತೆರೆದಿರುತ್ತದೆ, ಆದರೆ ತನ್ನ ಹೆಸರು ಕಿವಿಗೆ ಬೀಳುವವರೆಗೆ ಕೇಳಿದ್ದನ್ನು ಆಚೆ ಕಳಿಸದಂತೆ ಅದನ್ನು ರೂಪಿಸಿರುತ್ತಾರೆ. ಹೆಸರು ಕರೆದ ಮೇಲಿನ ಧ್ವನಿ ಸರ್ವರಿಗೆ ಹೋಗುತ್ತದೆ. ಅದನ್ನು ತಡೆಯಲು ಅಮೆರಿಕದ ಕೆಲವು ಎಕೋಗಳಲ್ಲಿದ್ದ ಆಯ್ಕೆಯನ್ನೂ ಅಮೆಜಾನ್ 2025ರ ಮಾರ್ಚ್ 28ರಂದು ತೆಗೆದುಹಾಕಿತು. ಟಿವಿಯೇ ಆ ಹೆಸರು ಕರೆದರೂ ಸ್ಪೀಕರ್ ಎಚ್ಚರಗೊಳ್ಳಬಹುದು. 2017ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬರ್ಗರ್ ಕಿಂಗ್ ಬೇಕೆಂದೇ ಇಂಥ ಜಾಹೀರಾತು ಮಾಡಿತು: ನಟ ಟಿವಿಯೊಳಗಿಂದ ‘ಓಕೆ ಗೂಗಲ್’ ಎಂದು ತನ್ನ ಬರ್ಗರಿನ ಬಗ್ಗೆ ಕೇಳಿದ, ಮನೆಗಳಲ್ಲಿದ್ದ ಗೂಗಲ್ ಹೋಮ್‌ಗಳು ವಿಕಿಪೀಡಿಯಾ ಓದತೊಡಗಿದವು. ಕೆಲವೇ ಗಂಟೆಗಳಲ್ಲಿ ಗೂಗಲ್ ಅದಕ್ಕೆ ತಡೆ ಹಾಕಬೇಕಾಯಿತು. ಸ್ಪೀಕರನ್ನು ಟಿವಿಯ ಬುಡದಲ್ಲೇ ಇಡದಿದ್ದರೆ ಈ ಕಾಟ ಕಡಿಮೆ, ನಮ್ಮ ಮಾತೂ ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ. ಬೇಡವಾದ ಹೊತ್ತಿಗೆ ಮೈಕ್ ಮುಚ್ಚಲು ಗುಂಡಿಯೋ ಸ್ವಿಚ್ಚೋ ಇದ್ದೇ ಇದೆ.

ಟಿವಿ ಅಷ್ಟೇನೂ ಪಾಪದ್ದಲ್ಲ. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಚಿತ್ರದ ತುಣುಕುಗಳನ್ನು ಗುರುತಿಸಿ ಕಂಪನಿಗೆ ವರದಿ ಮಾಡುವ ತಂತ್ರ ಹಲವು ಸ್ಮಾರ್ಟ್ ಟಿವಿಗಳಲ್ಲಿದೆ. ಸೆಟ್-ಟಾಪ್ ಬಾಕ್ಸ್‌ನಿಂದ ಬಂದ ಚಿತ್ರವನ್ನೂ ಅದು ಗುರುತಿಸಬಲ್ಲದು. ಅಮೆರಿಕದ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಕಲೆಹಾಕಿದ ಆರೋಪದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಈ ತಂತ್ರವನ್ನು ಆಫ್ ಮಾಡುವ ಆಯ್ಕೆ ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವೀಸಸ್’ ಎಂಬ ಹೆಸರಿನಲ್ಲಿ, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಎಂಬ ಹೆಸರಿನಲ್ಲಿ ಸೆಟ್ಟಿಂಗ್ಸ್‌ನ ಒಳಮೆನುಗಳಲ್ಲಿ ಅಡಗಿರುತ್ತದೆ. ಅದನ್ನು ಆಫ್ ಮಾಡಿದರೂ ಸ್ಪೀಕರಿನ ಆಜ್ಞೆಗಳು ಎಂದಿನಂತೆ ನಡೆಯುತ್ತವೆ.