ಉಳಿಯ ಬಾಯಲ್ಲಿ ಲೋಹ

ಯಲಬುರ್ಗಾ, ಕುಷ್ಟಗಿಗಳ ಹೊಲಗಳಲ್ಲಿಯೂ ಗಂಗಾವತಿಯ ಭತ್ತದ ಗದ್ದೆಗಳಲ್ಲಿಯೂ ದುಡಿಯುವ ಟ್ರ್ಯಾಕ್ಟರುಗಳ ಎಂಜಿನನ್ನು ಬಿಚ್ಚಿ ನೋಡಿದರೆ, ಸಿಲಿಂಡರುಗಳನ್ನು ಹೊತ್ತ ಭಾರವಾದ ಒಡಲು ಸಾಮಾನ್ಯವಾಗಿ ಬೂದು ಎರಕದ ಕಬ್ಬಿಣದ್ದಾಗಿರುತ್ತದೆ. ಇಂತಹ ಎರಕಗಳು ತಯಾರಾಗುವ ಸ್ಥಳಗಳಲ್ಲಿ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯೂ ಒಂದು. 1991ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಫೆರಸ್ ಸಂಸ್ಥೆಯು ಅಲ್ಲಿ ಅದುರಿನಿಂದ ಬೀಡುಕಬ್ಬಿಣವನ್ನು ತೆಗೆದು ಎರಕಗಳನ್ನೂ ಹೊಯ್ಯುತ್ತದೆ.

ಅಚ್ಚಿನಿಂದ ಹೊರಬಂದ ಎರಕ ಒರಟು. ಅದನ್ನು ನಿಖರವಾದ ಅಳತೆಗೆ ತರಬೇಕಾದರೆ ಯಂತ್ರಕ್ಕೆ ಕಟ್ಟಿ, ಗಟ್ಟಿಯಾದ ಉಳಿಯಿಂದ ಕಡಿಯಬೇಕು. ಆಗ ಉದುರುವ ಚೂರನ್ನು ಕಾರ್ಖಾನೆಯವರು ಚಿಪ್ ಎನ್ನುತ್ತಾರೆ. ಕಸವೆಂದು ಗುಡಿಸಿ ಹಾಕುವ ಈ ಚೂರಿನ ಆಕಾರದಿಂದಲೇ ನುರಿತ ಕೆಲಸಗಾರನು ಲೋಹದ ಒಳಗಿನ ರಚನೆಯನ್ನು ಊಹಿಸಬಲ್ಲನು.

ಬೂದು ಕಬ್ಬಿಣದಲ್ಲಿ ನೂರಕ್ಕೆ ಸುಮಾರು ಮೂರು ಪಾಲಿಗಿಂತ ಹೆಚ್ಚು ಇಂಗಾಲವಿರುತ್ತದೆ. ಎರಕ ನಿಧಾನವಾಗಿ ಆರುವಾಗ ಈ ಇಂಗಾಲದ ಬಹುಭಾಗ ಗ್ರಾಫೈಟಿನ ತೆಳುವಾದ ಹಾಳೆಗಳಾಗಿ ಕಬ್ಬಿಣದ ನಡುವೆ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲಕ್ಕೆ ಗುದ್ದಲಿ ಹಾಕಿದರೆ ಹೆಂಟೆಗಳು ಆ ಬಿರುಕುಗಳಗುಂಟವೇ ಬಿಟ್ಟುಕೊಳ್ಳುವುದಿಲ್ಲವೇ? ಹಾಗೆಯೇ ಉಳಿ ತಾಗಿದೊಡನೆ ಕಬ್ಬಿಣವು ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ಸೀಳಿ, ಚೂರು ಪುಡಿಪುಡಿಯಾಗಿ ಉದುರುತ್ತದೆ. ಗ್ರಾಫೈಟ್ ಜಾರುವ ವಸ್ತುವಾದ್ದರಿಂದ ಉಳಿಗೂ ಸವೆತ ಕಡಿಮೆ.

ಆದರೆ ಅದೇ ದ್ರವಲೋಹ ಎರಕದ ತೆಳುವಾದ ಅಂಚಿನಲ್ಲಿ ಬೇಗ ಆರಿಬಿಟ್ಟರೆ ಗ್ರಾಫೈಟ್ ಮೂಡಲು ಅವಕಾಶವಿರುವುದಿಲ್ಲ. ಇಂಗಾಲವು ಕಬ್ಬಿಣದೊಡನೆ ಕೂಡಿ, ಸಿಮೆಂಟೈಟ್ ಎಂಬ ಬಹು ಕಠಿಣವಾದ ಸಂಯುಕ್ತವಾಗುತ್ತದೆ. ಮುರಿದರೆ ಬೆಳ್ಳಗೆ ಕಾಣುವುದರಿಂದ ಇದಕ್ಕೆ ಬಿಳಿ ಕಬ್ಬಿಣವೆಂದು ಹೆಸರು. ಮೃದುವಾದ ಭಾಗದಲ್ಲಿ ಸರಾಗವಾಗಿ ಸಾಗಿದ ಉಳಿಯ ಮೊನೆ ಇಲ್ಲಿ ಥಟ್ಟನೆ ಮುರಿಯಬಹುದು. ಇದನ್ನು ತಡೆಯಲು ಎರಕ ಹೊಯ್ಯುವ ಮುನ್ನ ಕರಗಿದ ಲೋಹಕ್ಕೆ ಫೆರೊಸಿಲಿಕಾನ್ ಬೆರೆಸುತ್ತಾರೆ. ಅದು ಗ್ರಾಫೈಟ್ ಮೂಡಲು ನೆರವಾಗುತ್ತದೆ.

ಮೆದು ಉಕ್ಕಿನ ಮಾತೇ ಬೇರೆ. ಅದರಲ್ಲಿ ಬಿರುಕಿನಂತಹ ಹಾಳೆಗಳಿಲ್ಲ. ಚೂರು ಉದ್ದವಾದ ಸುರುಳಿಯಾಗಿ ಹೊರಟು ಉಳಿಗೂ ಕೆಲಸಕ್ಕೂ ಸುತ್ತಿಕೊಳ್ಳುತ್ತದೆ.

ಇವೆರಡರಿಂದಲೂ ಭಿನ್ನವಾದದ್ದು ವಿಮಾನದ ಎಂಜಿನುಗಳಲ್ಲಿ ಬಳಸುವ ಟೈಟೇನಿಯಂ ಮಿಶ್ರಲೋಹ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ನೂರಕ್ಕೆ ಸುಮಾರು 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ ಇವೆ. ಶಾಖವನ್ನು ಸಾಗಿಸುವುದರಲ್ಲಿ ಇದು ಬಹಳ ಮಂದ. ಸಾಧಾರಣ ಉಕ್ಕಿನ ಏಳನೆಯ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಕಡಿತದ ಶಾಖವು ಚದುರದೆ ಒಂದು ಕಿರಿದಾದ ಪಟ್ಟಿಯಲ್ಲಿ ನಿಲ್ಲುತ್ತದೆ. ಆ ಪಟ್ಟಿ ಮೆದುವಾಗಿ ಜಾರುತ್ತದೆ. ಮರುಕ್ಷಣವೇ ಅದರ ಹಿಂದೆ ಇನ್ನೊಂದು ಪಟ್ಟಿ. ಹೀಗೆ ಹೊರಬರುವ ಚೂರಿನ ಬೆನ್ನು ಗರಗಸದ ಹಲ್ಲಿನಂತಿರುತ್ತದೆ.

ಆ ಹಲ್ಲುಗಳು ಒಂದೇ ಸಮನಾಗಿರುವುದೂ ಏರುಪೇರಾಗಿರುವುದೂ ಬಹುಮಟ್ಟಿಗೆ ಲೋಹದ ಹರಳುಗಳನ್ನು ಅವಲಂಬಿಸಿದೆ. ಈ ಮಿಶ್ರಲೋಹದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಹರಳುಗಳಿವೆ. ಹದವರಿತು ಬಡಿದು ಕಾಯಿಸಿದ ಲೋಹದಲ್ಲಿ ಆಲ್ಫಾ ಹರಳುಗಳು ಸಣ್ಣ ಕಾಳುಗಳಂತೆ ಸಮವಾಗಿ ಹರಡಿರುತ್ತವೆ. ಉಳಿಗೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಪ್ರತಿರೋಧ. ಅದನ್ನೇ ಸುಮಾರು 1000 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಕಾಯಿಸಿ ನಿಧಾನವಾಗಿ ಆರಿಸಿದರೆ, ಆಲ್ಫಾ ಹರಳುಗಳು ಪದರಗಳಾಗಿ ಗುಂಪುಗೂಡುತ್ತವೆ. ಒಂದೊಂದು ಗುಂಪಿನ ಪದರಗಳು ಒಂದೊಂದು ದಿಕ್ಕಿಗೆ ಮುಖಮಾಡಿರುತ್ತವೆ. ಉಳಿಯು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿದಂತೆಲ್ಲ ಬಲ ಏರಿಳಿಯುತ್ತದೆ, ಹಲ್ಲುಗಳು ಅಡ್ಡಾದಿಡ್ಡಿಯಾಗುತ್ತವೆ, ಮೊನೆಗೆ ಸಣ್ಣ ಸಣ್ಣ ಪೆಟ್ಟುಗಳು ಬೀಳುತ್ತವೆ.

ಕೆಲಸವನ್ನು ಬೇಗ ಮುಗಿಸುವ ಆತುರ ಇಲ್ಲಿ ನಡೆಯದು. ಕಾರ್ಬೈಡ್ ಉಳಿಯಿದ್ದರೂ ವೇಗವನ್ನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 60 ಮೀಟರಿಗೆ ಮಿತಿಗೊಳಿಸಿ, ತಂಪು ದ್ರವವನ್ನು ಧಾರಾಳವಾಗಿ ಹಾಯಿಸುತ್ತಾರೆ. ಮೊಂಡಾದ ಉಳಿ ಹೆಚ್ಚು ಶಾಖವನ್ನು ಹುಟ್ಟಿಸಿದರೆ ತೆಳುವಾದ ಟೈಟೇನಿಯಂ ಚೂರುಗಳು ಹೊತ್ತಿಕೊಳ್ಳುವುದುಂಟು. ಆ ಬೆಂಕಿಗೆ ನೀರೆರಚಿದರೆ ಅದು ಇನ್ನೂ ಉಗ್ರವಾಗುತ್ತದೆ. ಆದುದರಿಂದ ಯಂತ್ರದ ಪಕ್ಕದಲ್ಲಿ ಅದಕ್ಕೆಂದೇ ಇರುವ ಒಣಪುಡಿಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ.