ಫೋಲ್ಡರ್ ಯಾರದ್ದು? ಕೊಬ್ಬರಿ ಚೀಲ ಹೇಳೋ ಸಾಫ್ಟ್‌ವೇರ್ ಪಾಠ

ತಿಪಟೂರು ಎಪಿಎಂಸಿಗೆ ಹೊರಟ ಲೋಡಿನ ಚೀಟಿಯಲ್ಲಿ ‘ಚೀಲ’ ಅಂತಷ್ಟೇ ಬರೆದಿದ್ರೆ ಏನರ್ಥ? ಬರೀ ಗೋಣಿಚೀಲವಾ, ಒಳಗಿರೋ ಉಂಡೆ ಕೊಬ್ಬರಿನೂ ಸೇರಿನಾ? ಸಾಫ್ಟ್‌ವೇರ್ ಪ್ಯಾಕ್ ಮಾಡುವವರಿಗೂ ಇದೇ ಪ್ರಶ್ನೆ. ಅಲ್ಲಿ ಚೀಲದ ಜಾಗದಲ್ಲಿ ಫೋಲ್ಡರ್ ಇರುತ್ತೆ, ಅಷ್ಟೇ.

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಪ್ಯಾಕೇಜ್ ಆಗಿ ಬರುತ್ತೆ, ಜೊತೆಗೆ ಒಂದು ಫೈಲ್ ಪಟ್ಟಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಏನೇನು ಅಳಿಸಬೇಕು ಅಂತ ಹೇಳೋದು ಈ ಪಟ್ಟಿಯೇ. ಡೆಬಿಯನ್‌ನಲ್ಲಿರೋ ‘ಗುಬ್ಬಿ’, ‘ನವಿಲು’ ಅನ್ನೋ ಕನ್ನಡ ಫಾಂಟ್‌ಗಳನ್ನೇ ತಗೊಳ್ಳಿ. ಇವು ಎರಡು ಬೇರೆ ಪ್ಯಾಕೇಜು, ಎರಡಕ್ಕೂ ತಮ್ಮದೇ ಫೋಲ್ಡರ್ ಇದೆ. ಆದ್ರೆ ಆ ಎರಡು ಫೋಲ್ಡರ್ ಇರೋದು ‘ಟ್ರೂಟೈಪ್’ ಅನ್ನೋ ಒಂದೇ ದೊಡ್ಡ ಫೋಲ್ಡರ್ ಒಳಗೆ. ಗುಬ್ಬಿ ತೆಗೆದ್ರೆ ನವಿಲೂ ಹಾರಿಹೋಗಬಾರದು ಅಲ್ವಾ?

ಅದಕ್ಕೇ ಡೆಬಿಯನ್‌ನ ಡಿಪಿಕೆಜಿ ಒಂದು ಲೆಕ್ಕ ಇಟ್ಕೊಂಡಿದೆ. ಸಾಮಾನ್ಯವಾಗಿ ಒಂದು ಫೈಲಿಗೆ ಒಂದೇ ಪ್ಯಾಕೇಜ್ ಒಡೆಯ. ಫೋಲ್ಡರಿಗೆ ಮಾತ್ರ ಎಷ್ಟು ಜನ ಒಡೆಯರಿದ್ರೂ ಸರಿ. ಬೇರೆ ಯಾವ ಪ್ಯಾಕೇಜೂ ಬಳಸ್ತಿಲ್ಲ, ಒಳಗೂ ಖಾಲಿ ಅಂದ್ರೆ ಮಾತ್ರ ಫೋಲ್ಡರ್ ಅಳಿಸುತ್ತೆ. ನೀವೇ ಇಟ್ಟ ಫೈಲ್ ಒಳಗಿದ್ರೆ, ಎಚ್ಚರಿಕೆ ಕೊಟ್ಟು ಹಾಗೇ ಬಿಡುತ್ತೆ.

ಫೆಡೋರಾದ ಆರ್‌ಪಿಎಂ ಸ್ವಲ್ಪ ಬೇರೆ. ಪ್ಯಾಕೇಜ್ ಕಟ್ಟೋವಾಗ ಪಟ್ಟಿಯಲ್ಲಿ ಫೋಲ್ಡರ್ ಹೆಸರು ಬರೆದ್ರೆ ಒಳಗಿರೋದೆಲ್ಲಾ ಸೇರಿದ ಹಾಗೆ. ‘ಡಿರ್’ ಅನ್ನೋ ಗುರುತು ಹಾಕಿದ್ರೆ ಬರೀ ಫೋಲ್ಡರ್. ಇಲ್ಲಿ ತಪ್ಪು ಎರಡು ಥರ ಆಗುತ್ತೆ. ಗುರುತು ಮರೆತ್ರೆ, ಪಕ್ಕದ ಪ್ಯಾಕೇಜಿಗೆ ಹೋಗಬೇಕಾದ ಫೈಲುಗಳೂ ಇದರೊಳಗೆ ಬಂದು ಸೇರ್ತವೆ. ಬರೀ ಫೈಲ್ ಬರೆದು ಫೋಲ್ಡರ್ ಬಿಟ್ರೆ, ಆ ಫೋಲ್ಡರ್ ಅನಾಥ. ಅದರ ಪರ್ಮಿಷನ್ ಹೇಗಿರಬೇಕು ಅಂತ ಎಲ್ಲೂ ದಾಖಲೆ ಇರಲ್ಲ, ಅನ್‌ಇನ್‌ಸ್ಟಾಲ್ ಆದ್ಮೇಲೂ ಖಾಲಿ ಚೀಲದ ಥರ ಬಿದ್ದಿರುತ್ತೆ. ಅದಕ್ಕೇ ಫೆಡೋರಾದ ನಿಯಮ ಸ್ಪಷ್ಟ: ನೀನು ಸೃಷ್ಟಿಸಿದ ಫೋಲ್ಡರಿಗೆ ನೀನೇ ಒಡೆಯ ಆಗು, ಇಲ್ಲಾ ಒಡೆಯನಾಗಿರೋ ಪ್ಯಾಕೇಜನ್ನ ಜೊತೆಗೆ ಕರ್ಕೊಂಡು ಬಾ.

ಹಾಗಾದ್ರೆ ಒಳ್ಳೇ ಟೂಲ್ ಹೇಗಿರಬೇಕು? ಊಹೆ ಮಾಡಬಾರದು. ‘ಫೋಲ್ಡರ್ ಮಾತ್ರವಾ, ಒಳಗಿನದ್ದೂ ಸೇರಿನಾ’ ಅಂತ ಬರೆಯೋರಿಂದಲೇ ಹೇಳಿಸಬೇಕು. ಒಡೆಯ ಇಲ್ಲದ ಫೋಲ್ಡರ್ ಕಂಡ್ರೆ ಪ್ಯಾಕ್ ಮಾಡೋವಾಗಲೇ ಕೂಗಬೇಕು. ಖಾಲಿ ಇಲ್ಲದ್ದನ್ನ ಯಾವತ್ತೂ ಅಳಿಸಬಾರದು.

ನಿಮ್ಮ ಆಂಡ್ರಾಯ್ಡ್ ಫೋನಲ್ಲೂ ಇದೇ ಮಾತು. ಆಪ್ ತೆಗೆದ್ರೆ ಅದರ ಖಾಸಗಿ ಫೋಲ್ಡರ್ ಪೂರ್ತಿ ಹೋಗುತ್ತೆ. ಅದು ಎಲ್ಲರಿಗೂ ಸೇರಿದ ‘ಪಿಕ್ಚರ್ಸ್’ ಫೋಲ್ಡರಲ್ಲಿ ಇಟ್ಟ ಫೋಟೋ ಉಳಿಯುತ್ತೆ. ಆಪ್ ತೆಗೆಯೋ ಮುಂಚೆ ಒಂದ್ಸಲ ನೋಡ್ಕೊಳ್ಳಿ: ನಿಮ್ಮ ಫೋಟೋ ಇರೋದು ಯಾವ ಫೋಲ್ಡರಲ್ಲಿ?